ಮೂರನೆಯ ಬೆಳಗಿನ ಬಣ್ಣ

ಸದ್ದು ಎನ್ನುವಷ್ಟು ದೊಡ್ಡದೇನೂ ಅಲ್ಲ ಅದು. ಉಸಿರು ಹೊರಗೆ ಬಿಡುವಾಗ ಕೊನೆಯಲ್ಲಿ ಒಂದು ಸಣ್ಣ 'ಹ್ಞು'. ತುಂಬಿದ ಬಿಂದಿಗೆಯನ್ನು ನೆಲಕ್ಕಿಡುವಾಗ ದೊಡ್ಡವರ ಬಾಯಿಂದ ಬರುತ್ತದಲ್ಲ, ಅಂಥದ್ದು. ಆದರೆ ಇದು ಎರಡು ವರ್ಷದ ಮಗುವಿನ ಬಾಯಿಂದ ಬಂದದ್ದು. ಗೋಡೆಯ ಗಡಿಯಾರದಲ್ಲಿ ಒಂದೂವರೆಯಾಗಿತ್ತು. ನೀಲು ತನ್ನ ತಾಯಿ ಮಾಲಾಳ ಮಡಿಲಲ್ಲಿ ಮಲಗಿದ್ದಳು. ಮಾಲಾ ಗೋಡೆಗೊರಗಿ ಕೂತಲ್ಲೇ ತೂಕಡಿಸುತ್ತಿದ್ದಳು. ಅವಳ ಅತ್ತೆ ಸಿದ್ಧಗಂಗಮ್ಮ ಬಾಗಿಲ ಬಳಿ ಕಂಬಳಿ ಹೊದ್ದು ಮಲಗಿದ್ದರು. ಎಚ್ಚರವಾಗಿದ್ದವಳು ನಾನೊಬ್ಬಳೇ. ಮತ್ತೊಂದು ಉಸಿರಿಗೆ ಕಾದೆ. ಮತ್ತೆ 'ಹ್ಞು' ಎಂದಿತು.

ಎಚ್ಚರವಾಗಿರುವುದು ನನ್ನ ಕೆಲಸ. ನಮ್ಮೂರಿನ ಆಸ್ಪತ್ರೆಯಲ್ಲಿ ನನ್ನ ಹುದ್ದೆಗೆ ಕಾಗದದ ಮೇಲೆ ಉದ್ದನೆಯ ಹೆಸರೊಂದಿದೆ. ಊರಿನವರು ಕರೆಯುವುದು ಎಣಿಸೋ ಅಕ್ಕ ಎಂದು. ಜ್ವರ, ಕೆಮ್ಮು, ಕಿವಿನೋವು ಎಂದು ಬಂದ ಮಗುವಿಗೆ ಕೆಂಪು ಔಷಧಿ ಬೇಕೋ ಬೇಡವೋ ಎಂದು ಡಾಕ್ಟರಿಗೆ ಆಗಲೇ ಹೇಳಲು ಬಾರದಿದ್ದರೆ, ಚೀಟಿಯ ಮೇಲೆ 'ಎರಡು ರಾತ್ರಿ' ಎಂದು ಬರೆಯುತ್ತಾರೆ. ಆ ಎರಡು ರಾತ್ರಿ ನಾನು ಆ ಮನೆಯಲ್ಲಿರುತ್ತೇನೆ. ಕೈಗಡಿಯಾರ, ಥರ್ಮಾಮೀಟರು, ಒಂದು ನೋಟ್‌ಬುಕ್ಕು. ಗಂಟೆಗೊಮ್ಮೆ ಉಸಿರು ಎಣಿಸುತ್ತೇನೆ, ಮಗು ಎಷ್ಟು ಹಾಲು ಕುಡಿಯಿತು, ಎಷ್ಟು ಸಲ ಉಚ್ಚೆ ಹೊಯ್ದಿತು ಎಂದು ಬರೆಯುತ್ತೇನೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದವಳು, ಆದರೆ ಈ ಕೆಲಸ ನನಗೆ ಸಿಕ್ಕಿದ್ದು ಆ ಡಿಗ್ರಿಯಿಂದಲ್ಲ, ನನ್ನ ಸ್ವಭಾವದಿಂದ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬೀದಿಯ ತುದಿಯಿಂದ ಮರಳಿ ಬರುವವಳು ನಾನು. ಬಾಗಿಲಿಗೆ ಬೀಗ ಹಾಕಿ ಮೂರು ಸಲ ಎಳೆದು ನೋಡುವವಳು. ಬೇರೆ ಊರಿನಲ್ಲಾದರೆ ಇದಕ್ಕೆ ಮದ್ದು ಕೊಡುತ್ತಿದ್ದರೇನೋ. ನಮ್ಮೂರಿನಲ್ಲಿ ಸಂಬಳ ಕೊಡುತ್ತಾರೆ.

ಕೆಂಪು ಔಷಧಿಯ ವಿಷಯ ಹೇಳಬೇಕು. ಆಸ್ಪತ್ರೆಯ ಮುಂದಿನ ಕಿಟಕಿಯಲ್ಲಿ, ಒಳಗಿನಿಂದ ದೀಪ ಬೀಳುವಂತೆ, ಆ್ಯಂಟಿಬಯೋಟಿಕ್ ಸಿರಪ್ಪಿನ ಒಂದು ಬಾಟಲಿಯನ್ನು ಇಟ್ಟಿದ್ದೇವೆ. ಬೇಕಿಲ್ಲದ ಮಗುವಿನ ಹೊಟ್ಟೆಗೆ ಈ ಔಷಧಿ ಹೋದರೆ ಮೂರನೆಯ ಬೆಳಗಿಗೆ ಊರಿನ ಎಲ್ಲ ಬಾಟಲಿಗಳೂ ಒಂದಿಷ್ಟು ಬಿಳಚಿಕೊಳ್ಳುತ್ತವೆ. ಅಂಗಡಿಯಲ್ಲಿರುವುದು, ನಮ್ಮ ಬೀರುವಿನಲ್ಲಿರುವುದು, ಕಿಟಕಿಯಲ್ಲಿರುವುದು, ಎಲ್ಲವೂ. ಬಣ್ಣ ಇಳಿದಷ್ಟೂ ಶಕ್ತಿಯೂ ಇಳಿಯುತ್ತದೆ. ಸುಮ್ಮನೆ ಬಿಟ್ಟರೆ ತಿಂಗಳುಗಟ್ಟಲೆ ಕಾಲ ತೆಗೆದುಕೊಂಡು ಮತ್ತೆ ಕೆಂಪಾಗುತ್ತದೆ. ಹೊಳೆಯಾಚೆಯ ಊರಿನಲ್ಲಿ ಸೀನಿದ ಮಗುವಿಗೆಲ್ಲ ಕೊಟ್ಟೂ ಕೊಟ್ಟೂ, ಈಗ ಅವರ ಬಾಟಲಿಗಳಲ್ಲಿರುವುದು ಅಕ್ಕಿ ತೊಳೆದ ನೀರಿನಂಥದ್ದು. ಅಲ್ಲಿನ ಮಗುವಿಗೆ ನಿಜವಾಗಿ ಬೇಕಾದಾಗ ದೋಣಿಯಲ್ಲಿ ನಮ್ಮಲ್ಲಿಗೆ ಹೊತ್ತು ತರುತ್ತಾರೆ. ನಾವು ಒಮ್ಮೆಯೂ ಇಲ್ಲ ಎಂದಿಲ್ಲ.

ನಮ್ಮ ಬಾಟಲಿ ದಾಸವಾಳದ ಕೆಂಪು. ಸಂತೆಗೆ ಹೋಗುವವರು ತಲೆಯೆತ್ತಿ ಒಮ್ಮೆ ನೋಡಿ ಮುಂದೆ ಹೋಗುತ್ತಾರೆ. ಹೆಣ್ಣು ನೋಡಲು ಪರವೂರಿನಿಂದ ಬಂದವರಿಗೂ ಮೊದಲು ತೋರಿಸುವುದು ಆ ಕಿಟಕಿಯನ್ನೇ. ವರ್ಷಕ್ಕೊಮ್ಮೆ, ಯುಗಾದಿಯ ದಿನ, ಹಳೆಯ ಬಾಟಲಿ ತೆಗೆದು ಹೊಸದನ್ನು ಇಡುತ್ತೇವೆ. ಎಲ್ಲಕ್ಕಿಂತ ಹೆಚ್ಚು ಕಾಲ ಒಂದು ಬಾಟಲಿಯನ್ನೂ ಒಯ್ಯದೆ ಇದ್ದ ಬೀದಿಗೆ ಆ ಮರ್ಯಾದೆ. ಆ ಬೀದಿಯ ಹಿರಿಯ ಹೆಂಗಸು ಹಿತ್ತಾಳೆ ತಟ್ಟೆಯಲ್ಲಿ ಹೊಸ ಬಾಟಲಿ ಹೊತ್ತು ತರುತ್ತಾಳೆ. ನಾಲ್ಕು ವರ್ಷದಿಂದ ಆ ಬೀದಿ ಹಗ್ಗ ಹೊಸೆಯುವವರ ಹಗ್ಗದ ಬೀದಿ, ಆ ಹಿರಿಯ ಹೆಂಗಸು ಸಿದ್ಧಗಂಗಮ್ಮ. ಅವರು ತಟ್ಟೆ ಹಿಡಿದು ನಿಂತ ನಾಲ್ಕು ಫೋಟೋಗಳು ನಾನು ಕೂತಿದ್ದ ಕೋಣೆಯ ಗೋಡೆಯಲ್ಲಿದ್ದವು. ಐದನೆಯದಕ್ಕೆ ಮೊಳೆ ಹೊಡೆದಾಗಿತ್ತು. ಯುಗಾದಿಗೆ ಇನ್ನು ಒಂದೇ ತಿಂಗಳು.

ಇಷ್ಟು ಹೆಮ್ಮೆಯಿರುವ ಕಡೆ ಒಂದು ತಪ್ಪೂ ಬೆಳೆಯುತ್ತದೆ. ಬೇರೆ ಊರುಗಳಲ್ಲಿ ಬೇಗ ಔಷಧಿ ಸಿಗಲಿ ಎಂದು ತಾಯಂದಿರು ಎರಡು ದಿನದ ಜ್ವರವನ್ನು ನಾಲ್ಕು ದಿನ ಎನ್ನುತ್ತಾರಂತೆ. ನಮ್ಮೂರಿನಲ್ಲಿ ನಾಲ್ಕು ದಿನದ್ದನ್ನು ಒಂದು ದಿನ ಎನ್ನುತ್ತಾರೆ. ಹಾಗಾಗಿ ನಾನು ಮನೆಯವರ ಮಾತಿಗಿಂತ ಮಗುವಿನ ಎದೆಯನ್ನು ಹೆಚ್ಚು ನಂಬುತ್ತೇನೆ.

ನೀಲುವಿನ ಅಂಗಿ ಮೇಲೆತ್ತಿ, ಟಾರ್ಚನ್ನು ಪಕ್ಕಕ್ಕೆ ತಿರುಗಿಸಿ, ಪೂರಾ ಒಂದು ನಿಮಿಷ ಎಣಿಸಿದೆ. ಐವತ್ನಾಲ್ಕು. ಸಂಜೆ ಏಳಕ್ಕೆ ಮೂವತ್ತಾರಿತ್ತು, ಹನ್ನೊಂದಕ್ಕೆ ಮೂವತ್ತೆಂಟು, ಹನ್ನೆರಡೂವರೆಗೂ ಮೂವತ್ತೆಂಟೇ. ಈ ವಯಸ್ಸಿಗೆ ನಲವತ್ತು ದಾಟಬಾರದು. ಮತ್ತೆ ಎಣಿಸಿದೆ. ಐವತ್ತೈದು. ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಸಣ್ಣದೊಂದು ಹಳ್ಳ ಬೀಳುತ್ತಿತ್ತು.

"ಸಿದ್ಧಗಂಗಮ್ಮಾರೇ, ಏಳಿ. ಡಾಕ್ಟರ ಹತ್ರ ಹೋಗಬೇಕು."

ಅವರು ಕಂಬಳಿಯೊಳಗಿನಿಂದಲೇ ಮಾತಾಡಿದರು. ನಿದ್ದೆ ಮಾಡಿರಲಿಲ್ಲ ಎಂದು ದನಿಯಿಂದಲೇ ಗೊತ್ತಾಯಿತು. "ಎರಡು ರಾತ್ರಿ ಅಂತ ಬರ್ದವ್ರೆ. ಇದು ಮೊದಲ್ನೇದು. ಅಷ್ಟು ಲೆಕ್ಕ ನಂಗೂ ಬರ್ತದೆ."

"ಎರಡು ರಾತ್ರಿ ಅಂದ್ರೆ ಏನಾದ್ರೂ ಹೆಚ್ಚುಕಮ್ಮಿ ಆಗೋವರೆಗೆ ಅಂತ. ಈಗ ಆಗಿದೆ. ಐವತ್ನಾಲ್ಕು."

"ಎಣಿಸೋ ಕೈಯೇ ನಡುಗ್ತಾ ಇದ್ರೆ ಎಣಿಕೆ ಎಲ್ಲಿ ನೆಟ್ಟಗಿರ್ತದೆ ತಾಯಿ? ಮಗ್ಗದ ಬೀದೀಲಿ ಆವತ್ತು ಹಿಂಗೇ ಓಡಿದ್ದೆ. ಬಾಟ್ಲಿ ಬಣ್ಣ ಎರಡು ಪಟ್ಟಿ ಇಳೀತು. ಮರ್ತೋಯ್ತಾ?"

ಮರೆತಿರಲಿಲ್ಲ. ಅದು ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ. ಮೂಗು ಕಟ್ಟಿದ ಮಗುವಿನ ಗೊರಗೊರಕ್ಕೆ ಹೆದರಿ, ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿ, ಹಿಂದಿನ ಡಾಕ್ಟರನ್ನು ಹಾಸಿಗೆಯಿಂದ ಎಬ್ಬಿಸಿದ್ದೆ. ಅಂದಿನಿಂದ ಪೂರಾ ನಿಮಿಷ ಎಣಿಸುತ್ತೇನೆ. ಆದರೂ ಆ ಮಾತು ಕೇಳಿದ್ದೇ, ನಾನು ನಿಜಕ್ಕೂ ನಡುಗುತ್ತಿದ್ದೆನೇ ಎಂದು ಕೈ ನೋಡಿಕೊಂಡೆ. ನಡುಗುತ್ತಿತ್ತು. ಸಂಖ್ಯೆ ಮಾತ್ರ ಐವತ್ನಾಲ್ಕೇ.

"ಅತ್ತೆ," ಎಂದಳು ಮಾಲಾ. ಸಂಜೆಯಿಂದ ಅವಳು ಆಡಿದ ಮೊದಲ ಮಾತು ಅದು. "ನಾಲ್ಕು ದಿನ ಆಯ್ತು. ಅಕ್ಕಂಗೆ ಹೇಳಿ."

ಸಿದ್ಧಗಂಗಮ್ಮ ಕಂಬಳಿ ಸರಿಸಿ ಎದ್ದು ಕೂತರು. "ಏನು ನಾಲ್ಕು?"

"ಜ್ವರ. ಸೋಮವಾರದಿಂದ ಇದೆ. ನೀವು ನಿನ್ನೆಯಿಂದ ಅಂತ ಹೇಳಿದ್ರಿ. ನಾನು ಸುಮ್ನಿದ್ದೆ. ಅದು ನನ್ನ ತಪ್ಪು."

"ಬೀದಿಯೋರು ನಾಳೆ ಮುಖಕ್ಕೆ ಉಗೀತಾರೆ ಮಾಲಾ."

"ಉಗೀಲಿ. ಒರೆಸ್ಕೋತೀನಿ." ಅವಳು ನೀಲುವನ್ನು ಸೆರಗಿನಲ್ಲಿ ಸುತ್ತಿ ಎದ್ದು ನಿಂತಳು. ಬಾಗಿಲ ಚಿಲಕ ತೆಗೆದವಳು ನಾನು.

ಬೀದಿ ದಾಟುವಷ್ಟರಲ್ಲಿ ಹಿಂದೆ ಚಪ್ಪಲಿಯ ಸದ್ದಾಯಿತು. ಸಿದ್ಧಗಂಗಮ್ಮ ಬಿರಬಿರನೆ ಬರುತ್ತಿದ್ದರು. ಬೈಯಲು ಬಂದರೇನೋ ಎಂದು ನಾನು ಮಾಲಾಳ ಪಕ್ಕಕ್ಕೆ ಸರಿದೆ. ಅವರು ಮಗುವಿನ ತಲೆಗೆ ಉಲ್ಲನ್ ಟೋಪಿ ತೊಡಿಸಿ, ಮಾಲಾ ಬರಿಗಾಲಲ್ಲಿ ಬಂದದ್ದನ್ನು ಕಂಡು ತಮ್ಮ ಚಪ್ಪಲಿಯನ್ನೇ ಅವಳ ಕಾಲಬಳಿ ಬಿಟ್ಟರು.

ಡಾಕ್ಟರ್ ಇಂದುಧರ ಆಸ್ಪತ್ರೆಯ ಹಿಂದಿನ ಮನೆಯಲ್ಲೇ ಇರುತ್ತಾರೆ. ನಮ್ಮೂರಿಗೆ ಬಂದು ಎರಡು ವರ್ಷ. ಮೂವತ್ತು ದಾಟದ ಹುಡುಗ. ಕನ್ನಡಕ ಹುಡುಕುತ್ತ, ಲುಂಗಿಯ ಮೇಲೆ ಸ್ವೆಟರ್ ಹಾಕಿಕೊಂಡು ಬಂದರು. ನಾನು ಐವತ್ನಾಲ್ಕು ಎಂದೆ. ತಲೆಯಾಡಿಸಿದರು. ಆದರೂ ತಾವೇ ಗಡಿಯಾರ ಹಿಡಿದು ಪೂರಾ ಒಂದು ನಿಮಿಷ ಎಣಿಸಿದರು. ನನ್ನನ್ನು ನಂಬದೆ ಹಾಗೆ ಮಾಡುತ್ತಾರೆ ಎಂದು ಮೊದಮೊದಲು ನೋವಾಗುತ್ತಿತ್ತು. ಆಮೇಲೆ ತಿಳಿಯಿತು, ಅವರು ತಮ್ಮನ್ನು ತಾವೂ ಅಷ್ಟೇ ನಂಬುತ್ತಾರೆ. ಕಿವಿ ನೋಡಿದರು, ಗಂಟಲು ನೋಡಿದರು, ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ತುಂಬ ಹೊತ್ತು ಆಲಿಸಿದರು. ಬೆರಳಿಗೆ ಕ್ಲಿಪ್ಪು ಹಾಕಿ ಆಕ್ಸಿಜನ್ ಎಷ್ಟಿದೆ ಎಂದು ನೋಡಿದರು. ತೊಂಬತ್ತು ತೋರಿಸಿತು.

"ಅಜ್ಜಿ, ಜ್ವರ ಯಾವತ್ತು ಶುರುವಾಯ್ತು?"

ಸಿದ್ಧಗಂಗಮ್ಮ ಗೋಡೆ ನೋಡಿದರು. "ಸೋಮವಾರ."

"ನಿನ್ನೆ ಅಂದಿದ್ರಿ."

"ನಿನ್ನೇನೂ ಇತ್ತಲ್ಲಪ್ಪ."

ಡಾಕ್ಟರ ಮುಖದಲ್ಲಿ ನಗು ಬರಲು ನೋಡಿ ಹಿಂದೆ ಹೋಯಿತು. ಬೈಯಲಿಲ್ಲ. ಮೂಗಿಗೆ ಆಕ್ಸಿಜನ್ ನಳಿಕೆ ಇಟ್ಟು, ಸ್ಟೂಲು ಎಳೆದು ಮಾಲಾಳ ಎದುರು ಕೂತರು. ಕೆಂಪು ಔಷಧಿ ಬರೆಯುವ ಮೊದಲು ತಾಯಿಯೊಂದಿಗೆ ಮಾತಾಡದೆ ಅವರು ಪೆನ್ನು ತೆಗೆಯುವುದಿಲ್ಲ. "ನೋಡಮ್ಮ, ಇದು ವೈರಸ್ಸಿನಿಂದಲೂ ಬಂದಿರಬಹುದು. ಮಕ್ಕಳಿಗೆ ಬರೋ ಕೆಮ್ಮು ನೆಗಡಿ ಬಹುಪಾಲು ಅದೇ. ಹಾಗಿದ್ರೆ ಈ ಔಷಧಿ ಅದನ್ನ ಏನೂ ಮಾಡಲ್ಲ. ತಾನಾಗಿ ಇಳೀತದೆ. ಬ್ಯಾಕ್ಟೀರಿಯಾ ಆಗಿದ್ರೆ ಬೆಳಗಿನವರೆಗೂ ಕಾಯೋ ಹಾಗಿಲ್ಲ. ಎದೆ ಒಳಗೆ ಹೋಗ್ತಾ ಇದೆ, ಉಸಿರು ಜೋರಾಗಿದೆ, ನಾಲ್ಕು ದಿನ ಆಗಿದೆ. ನಾನು ಕೊಡೋಣ ಅಂತೀನಿ."

"ಗ್ಯಾರಂಟಿ ಏನು?" ಎಂದರು ಸಿದ್ಧಗಂಗಮ್ಮ. ದನಿಯಲ್ಲಿ ಜಗಳವಿರಲಿಲ್ಲ.

"ಗ್ಯಾರಂಟಿ ಇಲ್ಲ ಅಜ್ಜಿ. ಬಾಟಲಿ ಮೂರು ದಿನ ಆದ್ಮೇಲೆ ಹೇಳ್ತದೆ. ನಾನು ಈಗ ಹೇಳಬೇಕು."

ಹಿಂದಿನ ಡಾಕ್ಟರು ಒಳ್ಳೆಯವರೇ. ಆದರೆ ಒಂದೇ ವರ್ಷದಲ್ಲಿ ಮೂರು ಸಲ ಬಾಟಲಿ ಬಿಳಚಿಕೊಂಡು, ಊರಿನವರ ಮುಖ ನೋಡಲಾಗದೆ, ಆಮೇಲೆ ಎಲ್ಲರಿಗೂ 'ಎರಡು ರಾತ್ರಿ' ಎಂದೇ ಬರೆಯತೊಡಗಿದರು. ಕಿವಿಯಿಂದ ಕೀವು ಸುರಿಯುತ್ತಿದ್ದ ಹುಡುಗನಿಗೂ ಹಾಗೇ ಬರೆದರು. ಎರಡು ಕಳೆದು ಮತ್ತೆ ಎರಡು. ಅವನ ಎಡಗಿವಿ ಈಗಲೂ ಕೇಳಿಸುವುದಿಲ್ಲ. ಅವನ ಕಿವಿ ಹೋದ ವರ್ಷ ನಮ್ಮ ಬಾಟಲಿ ಹಿಂದೆಂದೂ ಇಲ್ಲದಷ್ಟು ಕೆಂಪಗಿತ್ತು. ಜನ ಬ್ಯಾಂಡು ಬಾರಿಸಿ ಹೊಸ ಬಾಟಲಿ ತಂದಿದ್ದರು. ನಾನೂ ಚಪ್ಪಾಳೆ ತಟ್ಟಿದ್ದೆ.

ಇಂದುಧರ ಬರೆದರು. ಅವರು ಬರೆಯುವಾಗ ನಾನು ಸದಾ ಕೈಯನ್ನೇ ನೋಡುತ್ತೇನೆ. ಅಕ್ಷರ ದುಂಡಗೆ, ಓದಲು ಬರುವಂತೆ ಇರುತ್ತದೆ. ನೀಲುವನ್ನು ಬಟ್ಟೆಯ ಜೋಲಿಯಲ್ಲಿ ತೂಗಿದೆವು. ಹತ್ತೂವರೆ ಕಿಲೋ. ತೂಕಕ್ಕೆ ಎಷ್ಟು ಎಂಎಲ್ ಎಂದು ಅವರು ಒಂದು ಕಾಗದದಲ್ಲಿ ಲೆಕ್ಕ ಹಾಕಿದರು, ನಾನು ಇನ್ನೊಂದರಲ್ಲಿ. ಒಬ್ಬರದನ್ನೊಬ್ಬರು ನೋಡದೆ ಮಾಡಿ, ಆಮೇಲೆ ಎರಡನ್ನೂ ಪಕ್ಕದಲ್ಲಿಟ್ಟೆವು. ಒಂದೇ ಬಂತು. ಬಾಟಲಿಯ ಪುಡಿಗೆ ಕುದಿಸಿ ಆರಿಸಿದ ನೀರು ಹಾಕಿ ಕುಲುಕಿದೆ. ಔಷಧಿ ದಾಸವಾಳದಂತೆ ಎದ್ದುಬಂತು. ಮಾಲಾ ಮಗುವಿನ ಕೆನ್ನೆ ಹಿಡಿದಳು. ನೀಲು ಅರ್ಧ ನುಂಗಿ, ಅರ್ಧ ನನ್ನ ತೋಳಿಗೆ ಉಗಿದಳು. ಮತ್ತೆ ಅಳೆದು ಕೊಟ್ಟೆವು.

"ಐದು ದಿನ," ಎಂದರು ಡಾಕ್ಟರು. "ನಾಡಿದ್ದು ಆಟ ಆಡ್ತಾಳೆ. ಆಡಿದ್ಲು ಅಂತ ನಿಲ್ಲಿಸಬೇಡಿ. ಉಳಿದದ್ದು ಮುಂದಿನ ಸಲಕ್ಕೆ ಅಂತ ಎತ್ತಿಡಬೇಡಿ. ನಾನು ಬಂದು ಬಾಟಲಿ ವಾಪಸ್ ತಗೋತೀನಿ. ಬೆಳಗಿನ ತನಕ ಇಲ್ಲೇ ಇರಲಿ. ಇಳಿಮುಖ ಕಾಣಲಿಲ್ಲ ಅಂದ್ರೆ ವ್ಯಾನ್ ಹತ್ತಿಸಿ ನಾನೇ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ."

ಬೆಳಗಿನ ಆರಕ್ಕೆ ನಲವತ್ತೆಂಟಿತ್ತು, ಆಕ್ಸಿಜನ್ ತೊಂಬತ್ತಾರಕ್ಕೆ ಏರಿತ್ತು, ಆ 'ಹ್ಞು' ನಿಂತಿತ್ತು. ವ್ಯಾನ್ ಬೇಕಾಗಲಿಲ್ಲ, ಇನ್ನೆರಡು ದಿನ ಇಲ್ಲೇ ಇರಲಿ ಎಂದರು ಡಾಕ್ಟರು. ಊರಿಗೆ ಸುದ್ದಿ ಮುಟ್ಟಲು ಮಾತ್ರ ಯಾವ ವ್ಯಾನೂ ಬೇಕಿರಲಿಲ್ಲ. ಹಗ್ಗದ ಬೀದಿಯ ನಾಲ್ಕು ವರ್ಷ ಮುರಿಯಿತು ಎಂದು ಹಾಲಿನವರ ಜೊತೆಗೇ ಸುದ್ದಿಯೂ ಮನೆಮನೆಗೆ ಹೋಯಿತು. ನಲ್ಲಿಯ ಹತ್ತಿರ ನಾನು ಹಾದುಹೋಗುವಾಗ ಮಾತು ನಿಂತು, ಬೆನ್ನ ಹಿಂದೆ ಮತ್ತೆ ಶುರುವಾಯಿತು.

"ಈ ಸಲ ತಟ್ಟೆ ಮಗ್ಗದ ಬೀದಿಗೆ ಬಿಡು."

"ಮೊದ್ಲು ಬಾಟ್ಲಿ ಉಳೀಲಿ. ಎಣಿಸೋ ಅಕ್ಕ ಅಲ್ವಾ ಎಬ್ಬಿಸಿದ್ದು? ಆಯಮ್ಮ ಬೆಕ್ಕು ಸೀನಿದ್ರೂ ಎಣಿಸ್ತಾಳೆ."

"ಎಣಿಸ್ಲಿ ಬಿಡೆ. ನಿನ್ನ ಮಗಂದು ಎಣಿಸ್ದಾಗ ಕಾಫಿ ಮಾಡ್ಕೊಟ್ಟು ಕಣ್ಣೀರು ಹಾಕಿದ್ದೆ."

ಸಿದ್ಧಗಂಗಮ್ಮ ಎರಡು ದಿನವೂ ಆಸ್ಪತ್ರೆಯ ಜಗಲಿ ಬಿಟ್ಟು ಕದಲಲಿಲ್ಲ. ಹೋಗಿ ಬರುವವರು ಕೇಳುವುದನ್ನು ಕೇಳಿದರು. "ಏನಮ್ಮ, ಒಂದು ತಿಂಗಳು ತಡ್ಕೊಳಕ್ಕಾಗ್ಲಿಲ್ವಾ?" ಎಂದು ಒಬ್ಬ ಮುದುಕ ನಗುತ್ತ ಕೇಳಿದ. ಅವರು "ಮಗು ತಡ್ಕೊಳ್ಲಿಲ್ಲ" ಎಂದಷ್ಟೇ ಹೇಳಿದರು. ಮಧ್ಯಾಹ್ನ ನಾನು ಚಹಾ ಒಯ್ದುಕೊಟ್ಟಾಗ, ಲೋಟ ಹಿಡಿದು, ನನ್ನ ಮುಖ ನೋಡದೆ ಕೇಳಿದರು: "ಬಾಟ್ಲಿ ಬಿಳಚ್ಕೊಂಡ್ರೆ?"

"ಬಿಳಚ್ಕೊಂಡ್ರೆ ಬಿಳಚ್ಕೊಳ್ತದೆ."

"ಹಂಗಲ್ಲ. ಬಿಳಚ್ಕೊಂಡ್ರೆ ನಾನು ಹೇಳಿದ್ದೇ ಸರಿ ಅಂತ ಆಗ್ತದೆ. ನಂಗೆ ಆ ಸರಿ ಬೇಡ. ಆ ಸರಿ ಬಂದ್ರೆ ಇನ್ನೊಂದು ಸಲ ನಾನು ಹಿಂಗೇ ಮಾಡ್ತೀನಿ. ನನ್ನ ಬುದ್ಧಿ ನಂಗೊತ್ತು."

ಶನಿವಾರ ಸಂಜೆಗೆ ನೀಲು ಮಂಚದ ಮೇಲೆ ನಿಂತು ನನ್ನ ಗಡಿಯಾರ ಕೇಳಿದಳು. ಉಸಿರು ಮೂವತ್ತನಾಲ್ಕು. ಬಿಸ್ಕತ್ತನ್ನು ಹಾಲಿನಲ್ಲಿ ಅದ್ದಿ, ಅದು ಮುರಿದು ಲೋಟದೊಳಗೆ ಬಿದ್ದದ್ದಕ್ಕೆ ಅತ್ತಳು. ಅಷ್ಟು ಗಟ್ಟಿಯಾಗಿ ಅಳುವ ಎದೆ ಗುಣವಾಗುತ್ತಿರುವ ಎದೆ. ಡಾಕ್ಟರು ಬಾಗಿಲಲ್ಲಿ ನಿಂತು ಆ ಅಳುವನ್ನು ಹಾಡು ಕೇಳುವಂತೆ ಕೇಳುತ್ತಿದ್ದರು.

ಭಾನುವಾರ ಮೂರನೆಯ ಬೆಳಗು. ಕಿಟಕಿಯ ಬಣ್ಣ ನೋಡಿ ಪುಸ್ತಕದಲ್ಲಿ ಬರೆಯುವುದೂ ನನ್ನದೇ ಕೆಲಸ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ತಪ್ಪಿಸಿಲ್ಲ. ಒಂಬತ್ತು ರಿಬ್ಬನ್ನುಗಳ ಒಂದು ಡಬ್ಬಿಯಿದೆ, ದಾಸವಾಳದಿಂದ ಹಿಡಿದು ಹಾಲಿನ ಬಿಳಿಯವರೆಗೆ. ಊರಿನವರು ಅವನ್ನು ಪಟ್ಟಿ ಎನ್ನುತ್ತಾರೆ. ಬಾಟಲಿಯ ಪಕ್ಕ ಒಂದೊಂದನ್ನೇ ಹಿಡಿದು ನೋಡಬೇಕು. ಎಷ್ಟೋ ತಿಂಗಳಿಂದ ನಾವು ಒಂದನೆಯ ಪಟ್ಟಿಯಲ್ಲೇ ಇದ್ದೆವು.

ಐದೂವರೆಗೆ ಒಳಗಿನ ದೀಪ ಹಾಕಿದೆ. ಹೊರಗಿನ ತಗಡಿನ ಶಟರು ಇನ್ನೂ ಮುಚ್ಚಿತ್ತು. ಒಂದನೆಯ ರಿಬ್ಬನ್ ಹಿಡಿದೆ. ಕೈ ಅಲ್ಲೇ ನಿಂತಿತು. ಗಾಜಿನ ಮೇಲೆ ಧೂಳಿರಬೇಕು ಎಂದು ಸೆರಗಿನಿಂದ ಒರೆಸಿದೆ. ಬಲ್ಬು ಹಳತಾಗಿರಬೇಕು ಎಂದು ಟಾರ್ಚು ಬಿಟ್ಟು ನೋಡಿದೆ. ಎರಡನೆಯ ರಿಬ್ಬನ್ ತೆಗೆದು ಇನ್ನೊಂದು ಬದಿಗೆ ಹಿಡಿದೆ. ಬಾಟಲಿ ಎರಡರ ನಡುವೆ ಇತ್ತು. ಒಂದನೆಯದಕ್ಕೆ ಹತ್ತಿರ, ಆದರೆ ಒಂದನೆಯದಲ್ಲ. ಬೀರು ತೆರೆದು ಒಳಗಿನ ಬಾಟಲಿಗಳನ್ನು ನೋಡಿದೆ. ಅವೂ ಹಾಗೆಯೇ. ಕೂದಲೆಳೆಯಷ್ಟು ಇಳಿದಿತ್ತು. ನನ್ನ ಕಣ್ಣಿಗಲ್ಲದೆ ಇನ್ನಾರ ಕಣ್ಣಿಗೂ ಬೀಳದಷ್ಟು. ಆದರೆ ಇಳಿದಿತ್ತು. ಆ ವಾರ ಕೆಂಪು ಔಷಧಿ ಕುಡಿದ ಮಗು ನೀಲು ಒಬ್ಬಳೇ.

ಎಂದರೆ ಅವಳ ಎದೆ ತಾನಾಗಿಯೇ ತಿಳಿಯಾಗುತ್ತಿತ್ತು. ಆಕ್ಸಿಜನ್ನು, ತಾಯಿಯ ಮಡಿಲು, ಒಂದೆರಡು ದಿನ, ಇಷ್ಟೇ ಸಾಕಿತ್ತು. ನಾನು ಸ್ಟೂಲಿನ ಮೇಲೆ ಕೂತೆ. ಹೊಟ್ಟೆಯಲ್ಲಿ ಕಲ್ಲು ಬೀಳುತ್ತದೆ ಎಂದು ಕಾದೆ. ಮಗ್ಗದ ಬೀದಿಯ ಸಲ ಬಿದ್ದಿತ್ತು, ವಾರಗಟ್ಟಲೆ ಊಟ ಸೇರಿರಲಿಲ್ಲ. ಈ ಸಲ ಬೀಳಲಿಲ್ಲ. ಐವತ್ನಾಲ್ಕು ನಿಜ, ಹಳ್ಳ ಬೀಳುತ್ತಿದ್ದ ಎದೆ ನಿಜ, ತೊಂಬತ್ತು ನಿಜ. ಇವತ್ತು ರಾತ್ರಿ ಇನ್ನೊಂದು ಮನೆಯಲ್ಲಿ ಅದೇ ಸದ್ದು ಕೇಳಿದರೆ ನಾನು ಮತ್ತೆ ಏಳುತ್ತೇನೆ. ಅವರು ಮತ್ತೆ ಬರೆಯುತ್ತಾರೆ. ಹತ್ತು ಸಲ ಹಾಗೆ ಬರೆದರೆ ಎಷ್ಟು ಸಲ ಬಾಟಲಿ ಸುಮ್ಮನಿರುತ್ತದೋ, ಎಷ್ಟು ಸಲ ಇಳಿಯುತ್ತದೋ, ಆದರೆ ಹತ್ತು ಮಕ್ಕಳೂ ಬೆಳಗು ಕಾಣುತ್ತಾರೆ. ಹುಟ್ಟಿದಾಗಿನಿಂದ ಹೆದರಿಕೊಂಡೇ ಬಂದ ನನಗೆ ಆ ಸ್ಟೂಲಿನ ಮೇಲೆ ಕೂತಾಗ ಬೆನ್ನು ನೆಟ್ಟಗಾಯಿತು. ಅದನ್ನು ಹೆಮ್ಮೆ ಎನ್ನದೆ ಬೇರೇನೆನ್ನಲಿ.

ಹಾಗಾಗಿ ನಿಜವನ್ನೇ ಬರೆಯೋಣ ಎಂದು ಪುಸ್ತಕ ತೆರೆದೆ. ಮುಚ್ಚಿಡುವಂಥದ್ದೇನಿದೆ? 'ಒಂದು ಮತ್ತು ಎರಡರ ನಡುವೆ' ಎಂದು ಬರೆಯಲು ಪೆನ್ನಿನ ಮುಚ್ಚಳ ತೆಗೆದೆ. ಅಷ್ಟರಲ್ಲಿ ಹೊರಗೆ ಶಟರು ಬಡಿದರು.

ಏಳಕ್ಕೆ ಬರುವ ಜನ ಆರಕ್ಕೇ ಬಂದಿದ್ದರು. ಹಗ್ಗದ ಬೀದಿ ಪೂರ್ತಿ, ಮಗ್ಗದ ಬೀದಿಯ ಅರ್ಧ, ದೋಣಿಯವರು, ಹೂವಿನವರು. ಶಟರು ಎತ್ತಿದೆ. ಎಲ್ಲರ ಮುಖವೂ ಕಿಟಕಿಯ ಕಡೆಗೆ ತಿರುಗಿತು.

"ಕೆಂಪಗೇ ಐತೆ," ಎಂದ ದೋಣಿಯವ.

"ಸರಿಯಾಗ್ ನೋಡು."

"ನೀನೇ ನೋಡೋ. ದಾಸವಾಳ ಇದ್ದಂಗೈತೆ."

"ಐತೆ ಕಣ್ರಿ. ಹಂಗೇ ಐತೆ."

ಗುಂಪಿನ ಮೈ ಸಡಿಲವಾಯಿತು. ಜಗಲಿಯಿಂದ ಸಿದ್ಧಗಂಗಮ್ಮ ಎದ್ದು ಬಂದರು. ಜನ ದಾರಿ ಬಿಟ್ಟರು. ಅವರು ಕಿಟಕಿಯ ಹತ್ತಿರ ಬಂದು, ಗಾಜಿಗೆ ಮೂಗು ತಾಗುವಂತೆ ನಿಂತು, ಬಾಟಲಿಯನ್ನು ನೋಡಿದರು. ಅವರ ಕಣ್ಣಿಗೆ ಪೊರೆ ಬಂದಿದೆ ಎಂದು ನನಗೆ ಗೊತ್ತು. ತಿರುಗಿ ಜನರ ಕಡೆ ಮುಖ ಮಾಡಿದರು.

"ನಾಲ್ಕು ದಿನ ಜ್ವರ ಇತ್ತು ಮಗೀಗೆ. ನಾನು ಒಂದು ಅಂತ ಸುಳ್ಳು ಹೇಳಿದ್ದೆ. ತಟ್ಟೆ ಹೊರೋ ಆಸೆಗೆ. ಸೊಸೆ ಬಾಯಿ ಬಿಡದಿದ್ರೆ ಇವತ್ತು ಏನಾಗ್ತಿತ್ತೋ. ಸರಸಿಜಾ, ಆ ಪುಸ್ತಕದಾಗೆ ಬರ್ಕೊ, ನನ್ನ ಹೆಸರು ಹಾಕಿ ಬರ್ಕೊ."

ನನ್ನ ಹೆಸರನ್ನು ಊರು ಮರೆತೇ ಬಿಟ್ಟಿದೆ ಎಂದುಕೊಂಡಿದ್ದೆ. ನಾಲ್ಕು ವರ್ಷ ಆ ಹೆಂಗಸು ತಟ್ಟೆ ಹಿಡಿದು ನಡೆಯುವುದನ್ನು ನೋಡಿದ್ದೇನೆ, ಒಮ್ಮೆಯೂ ಅವರು ಅಷ್ಟು ಎತ್ತರ ಕಂಡಿರಲಿಲ್ಲ. ಯಾರೂ ಉಗಿಯಲಿಲ್ಲ. ಮಾಲಾ ನೀಲುವನ್ನು ಎತ್ತಿಕೊಂಡು ಹೊಸ್ತಿಲಿಗೆ ಬಂದು ಅತ್ತೆಯ ಪಕ್ಕ ನಿಂತಳು.

ಆಗ ಗುಂಪಿನ ಹಿಂದಿನಿಂದ ಒಬ್ಬಳು ಮುಂದೆ ಬಂದಳು. ಹೂವಿನ ಬುಟ್ಟಿಯನ್ನು ಯಾರದೋ ಕೈಗೆ ಕೊಟ್ಟು, ಸೊಂಟದ ಮೇಲಿನ ಕೂಸನ್ನು ಮುಂದೆ ಎಳೆದುಕೊಂಡಳು. ಇನ್ನೂ ವರ್ಷ ತುಂಬದ್ದು. ಬೆಳಗಿನ ಚಳಿಯಲ್ಲೂ ಹಣೆ ಬೆವರಿತ್ತು.

"ಡಾಕ್ಟ್ರೇ, ಇವನ್ದೂ ಮೂರು ದಿನ ಆಯ್ತು. ಯಾರ್ಗೂ ಹೇಳಿರ್ಲಿಲ್ಲ." ಅವಳು ನೆಲ ನೋಡುತ್ತ ಮಾತಾಡುತ್ತಿದ್ದಳು. "ಬಾಟ್ಲಿ ಏನಾಗ್ತದೋ ನೋಡ್ಕೊಂಡು ಹೇಳೋಣ ಅಂತ ಇದ್ದೆ."

ಅವಳ ಹಿಂದೆ ಇನ್ನೊಬ್ಬಳು, ಕಿವಿ ಮುಚ್ಚಿಕೊಂಡು ಅಳುತ್ತಿದ್ದ ಹುಡುಗಿಯ ಕೈ ಹಿಡಿದು ನಿಂತಿದ್ದಳು. ಅವಳೂ ಬಾಯಿ ತೆರೆಯಲು ಧೈರ್ಯ ಒಟ್ಟುಗೂಡಿಸುತ್ತಿದ್ದದ್ದು ಕಾಣುತ್ತಿತ್ತು.

ಡಾಕ್ಟರು ಒಳಗಿನಿಂದ ಬಂದರು. ಸ್ಟೆತಸ್ಕೋಪನ್ನು ಕೊರಳಿಗೆ ಹಾಕಿಕೊಳ್ಳುತ್ತ, ಕಿಟಕಿಯ ಬಾಟಲಿಯನ್ನು ಒಳಬದಿಯಿಂದ ಒಮ್ಮೆ ನೋಡಿದರು. ಎರಡು ರಾತ್ರಿಯಿಂದ ಅವರು ಸರಿಯಾಗಿ ಮಲಗಿರಲಿಲ್ಲ. ನನ್ನ ಕಡೆ ತಿರುಗಿದರು. ಆ ಮುಖದಲ್ಲಿ ನಾನು ಅದುವರೆಗೆ ಕಾಣದ ಒಂದು ಪುಟ್ಟ ಹೆದರಿಕೆಯಿತ್ತು. ಮೂರು ದಿನವೂ ಅದನ್ನು ಎಲ್ಲೋ ಬಚ್ಚಿಟ್ಟುಕೊಂಡಿದ್ದರು.

"ಅಕ್ಕಾ, ಎಷ್ಟನೇ ಪಟ್ಟಿ?"

ಹೂವಿನವಳು ನನ್ನನ್ನು ನೋಡುತ್ತಿದ್ದಳು. ಸಿದ್ಧಗಂಗಮ್ಮ ನೋಡುತ್ತಿದ್ದರು. ನಿಜ ಹೇಳುವುದಕ್ಕೆ ನನಗೆ ನಾಲ್ಕೇ ಮಾತು ಸಾಕಿತ್ತು, ಅದನ್ನು ಹೇಳುವ ಧೈರ್ಯವೂ ಆ ಬೆಳಿಗ್ಗೆ ನನ್ನಲ್ಲಿತ್ತು. ಆದರೆ ಆ ಮಾತು ಹೂವಿನವಳ ಕೂಸಿನವರೆಗೆ ಹೋಗುವಷ್ಟರಲ್ಲಿ ಏನಾಗಿರುತ್ತದೆ ಎಂದು ನನಗೆ ಕಾಣುತ್ತಿತ್ತು. ಅವಳು ಒಂದು ಹೆಜ್ಜೆ ಹಿಂದಕ್ಕಿಡುತ್ತಾಳೆ. ಸಿದ್ಧಗಂಗಮ್ಮನಿಗೆ ಅವರು ಬೇಡವೆಂದ ಆ 'ಸರಿ' ಸಿಗುತ್ತದೆ. ಈ ಹುಡುಗ ಚೀಟಿಯ ಮೇಲೆ ಪೆನ್ನಿಟ್ಟು ಒಂದು ಕ್ಷಣ ಹೆಚ್ಚು ತಡೆಯುತ್ತಾನೆ, ನಾಳೆ ಎರಡು ಕ್ಷಣ.

"ಒಂದನೇ ಪಟ್ಟಿ," ಎಂದೆ. ಪುಸ್ತಕದಲ್ಲೂ ಹಾಗೇ ಬರೆದು, ಕೆಳಗೆ ಸಹಿ ಹಾಕಿದೆ. ಹನ್ನೊಂದು ವರ್ಷದಲ್ಲಿ ಆ ಪುಸ್ತಕದಲ್ಲಿ ನಾನು ಬರೆದ ಒಂದೇ ಒಂದು ಸುಳ್ಳು ಅದು. ಕೈ ನಡುಗಲಿಲ್ಲ.

ಡಾಕ್ಟರು ಉಸಿರು ಬಿಟ್ಟು, ಸ್ಟೂಲು ಎಳೆದುಕೊಂಡು ಹೂವಿನವಳ ಎದುರು ಕೂತರು. "ಹೇಳಮ್ಮ, ಮೂರು ದಿನದಿಂದ ಏನೇನಾಯ್ತು?" ಎಂದು ಕೇಳಿದರು. ಅವಳು ಮೊದಲಿಂದ ಹೇಳತೊಡಗಿದಳು. ನಾನು ರಿಬ್ಬನ್ನುಗಳನ್ನು ಸುತ್ತಿ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿ, ಕೂಸಿನ ಅಂಗಿ ಮೇಲೆತ್ತಿ, ಗಡಿಯಾರ ಹಿಡಿದೆ. ಒಂದು, ಎರಡು, ಮೂರು ಎಂದು ಮನಸ್ಸಿನಲ್ಲೇ ಎಣಿಸುತ್ತಿರುವಾಗಲೇ ನಿಶ್ಚಯ ಮಾಡಿದೆ. ಆ ಬೆಳಿಗ್ಗೆ ಕಿಟಕಿಯಲ್ಲಿ ಕಂಡದ್ದನ್ನು ಊರಿಗೂ ಹೇಳುವುದಿಲ್ಲ, ಸಿದ್ಧಗಂಗಮ್ಮನಿಗೂ ಹೇಳುವುದಿಲ್ಲ, ಎದುರಿಗೆ ಕೂತು ಕೂಸಿನ ಎದೆ ಆಲಿಸುತ್ತಿದ್ದ ಈ ಹುಡುಗನಿಗಂತೂ ಎಂದೂ ಹೇಳುವುದಿಲ್ಲ.